ಪಿಸ್ಟನ್ನಿನ ಕೆಳಗಿನ ಕೋಣೆ: ಹಳೆಯ ಜಾವಾ ಎಂಜಿನ್ನಿನ ದೋಷಗಳನ್ನು ಗುರುತಿಸುವ ಬಗೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾಗಿ, ಮೊದಲು ಜಾವಾ ಎಂದೂ 1970ರ ದಶಕದಿಂದ ಯೆಜ್ಡಿ ಎಂದೂ ಹೆಸರು ಪಡೆದ ಮೋಟಾರ್ ಸೈಕಲ್ಲುಗಳು ಇಂದಿಗೂ ನೂರಾರು ಮನೆಗಳ ಅಂಗಳದಲ್ಲಿ ಉಳಿದಿವೆ. ತಾತನ ಕಾಲದ ಗಾಡಿಯನ್ನು ಮತ್ತೆ ರಸ್ತೆಗಿಳಿಸಲು ಹೊರಡುವ ಹೊಸಬರ ಸಂಖ್ಯೆಯೂ ಕಡಿಮೆಯಿಲ್ಲ. ಚೆಕೊಸ್ಲೊವಾಕಿಯಾದಿಂದ ಬಂದ ಈ ವಿನ್ಯಾಸದ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ, ವಾಲ್ವುಗಳನ್ನು ತೆರೆದು ಮುಚ್ಚುವ ದಂಡವಿಲ್ಲ, ಎಣ್ಣೆಯನ್ನು ಪಂಪ್ ಮಾಡುವ ಪ್ರತ್ಯೇಕ ಏರ್ಪಾಡೂ ಇಲ್ಲ. ಚಲಿಸುವ ಭಾಗಗಳು ಇಷ್ಟು ಕಡಿಮೆಯಿರುವುದರಿಂದ ದೋಷವನ್ನು ಹುಡುಕುವುದು ಸುಲಭವೆಂದು ಕಲಿಯುವವರು ಭಾವಿಸುವುದು ಸಹಜ. ಆದರೆ ಇದೇ ಎಂಜಿನ್ನಿನ ಮುಂದೆ ಅವರು ಕಾರ್ಬೊರೇಟರನ್ನು ಹತ್ತು ಸಲ ಬಿಚ್ಚಿ ಜೋಡಿಸಿ, ಹತ್ತು ಹೊಸ ಪ್ಲಗ್ಗುಗಳನ್ನು ಹಾಕಿ, ಕೊನೆಗೆ ಕೈಚೆಲ್ಲುವುದೂ ಉಂಟು. ಇದಕ್ಕೆ ಮುಖ್ಯ ಕಾರಣವೆಂದರೆ, ಈ ಎಂಜಿನ್ನಿನ ಅರ್ಧ ಕೆಲಸ ನಡೆಯುವುದು ಕಣ್ಣಿಗೆ ಕಾಣುವ ಸಿಲಿಂಡರಿನಲ್ಲಲ್ಲ, ಅದರ ತಳದಲ್ಲಿ ಮುಚ್ಚಿಕೊಂಡಿರುವ ಕ್ರ್ಯಾಂಕ್ ಕೇಸಿನಲ್ಲಿ ಎಂಬುದು ಅನೇಕರ ಗಮನಕ್ಕೆ ಬಾರದಿರುವುದು.

ಜಾವಾ ಎಂಜಿನ್ ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್ ಜಾತಿಯದು. ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಸಾಗುವ ದೂರ 75 ಮಿ.ಮೀ. ಪಿಸ್ಟನ್ ಮೇಲಕ್ಕೆ ಏರುವಾಗ ತನ್ನ ತಲೆಯ ಮೇಲಿರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ಅದರ ಕೆಳಗಿನ ಕೋಣೆಯಲ್ಲಿ ಒತ್ತಡ ಇಳಿದು, ಕಾರ್ಬೊರೇಟರಿನ ಮೂಲಕ ಹೊಸ ಮಿಶ್ರಣ ಒಳಗೆ ಎಳೆಯಲ್ಪಡುತ್ತದೆ. ಕಿಡಿ ಹತ್ತಿ ಪಿಸ್ಟನ್ ಕೆಳಗೆ ತಳ್ಳಲ್ಪಟ್ಟಾಗ ಮೊದಲು ಹೊಗೆ ಹೋಗುವ ಕಿಂಡಿ ತೆರೆಯುತ್ತದೆ, ಬಳಿಕ ಪಕ್ಕದ ಕಿಂಡಿಗಳು ತೆರೆದು, ಕೆಳಕೋಣೆಯಲ್ಲಿ ಒತ್ತಿಕೊಂಡಿದ್ದ ಮಿಶ್ರಣ ಮೇಲಕ್ಕೆ ನುಗ್ಗುತ್ತದೆ. ಹೀಗೆ ಒಂದೇ ಪಿಸ್ಟನ್ ಮೇಲೆ ಎಂಜಿನ್ನಾಗಿಯೂ ಕೆಳಗೆ ಪಂಪಾಗಿಯೂ ದುಡಿಯುತ್ತದೆ. ಒಳಗಿನ ಬೇರಿಂಗುಗಳಿಗೆ ಸಿಗುವ ಎಣ್ಣೆಯೂ ಪೆಟ್ರೋಲಿನೊಂದಿಗೆ ಬೆರೆತು ಬರುವಂಥದ್ದೇ. ಲೀಟರಿಗೆ 40ರಿಂದ 50 ಮಿ.ಲೀ. ಟೂಟಿ ಎಂಬ ಟೂ ಸ್ಟ್ರೋಕ್ ಎಣ್ಣೆ ಬೆರೆಸುವ ರೂಢಿ ಈ ಕಾರಣಕ್ಕಾಗಿಯೇ ಬಂದಿದೆ. ಆದ್ದರಿಂದ ಪೆಟ್ರೋಲಿನ ಹರಿವು ಕುಂದಿದರೆ ಈ ಎಂಜಿನ್ನಿಗೆ ಆಹಾರವಷ್ಟೇ ಅಲ್ಲ, ಎಣ್ಣೆಯೂ ಕಡಿಮೆಯಾಗುತ್ತದೆ.

ಕಿಕ್ ಹೊಡೆದರೂ ಎದ್ದೇಳದ ಗಾಡಿಯ ಮುಂದೆ ಪಾನಾ ಹಿಡಿಯುವ ಮೊದಲು ಮಾಡಬೇಕಾದ ಕೆಲಸವೆಂದರೆ ಪ್ಲಗ್ಗನ್ನು ಬಿಚ್ಚಿ ಅದರ ಮೂತಿಯನ್ನು ನೋಡುವುದು. ಪ್ಲಗ್ ಒಣಗಿದ್ದರೆ ಪೆಟ್ರೋಲು ಸಿಲಿಂಡರನ್ನು ತಲುಪಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ತಲುಪಿಯೂ ಕಿಡಿ ಹತ್ತಿಲ್ಲ, ಇಲ್ಲವೇ ಅಳತೆ ಮೀರಿ ಬಂದು ಓವರ್‌ಫ್ಲೋ ಆಗಿದೆ. ಚೆನ್ನಾಗಿ ಓಡುತ್ತಿರುವ ಎಂಜಿನ್ನಿನ ಪ್ಲಗ್ ಹುರಿದ ಕಾಫಿಬೀಜದ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮಸಿಯಂತೆ ಕಪ್ಪಾಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು, ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ. ಇವುಗಳಲ್ಲಿ ಬಿಳಿಯ ಪ್ಲಗ್ಗಿಗೇ ಹೆಚ್ಚು ಹೆದರಬೇಕು, ಏಕೆಂದರೆ ಕಪ್ಪಾದ ಪ್ಲಗ್ ಗಾಡಿಯನ್ನು ನಿಲ್ಲಿಸುತ್ತದಷ್ಟೇ, ಬಿಳಿಯ ಪ್ಲಗ್ಗಿನ ಹಿಂದಿರುವ ಕಾರಣ ಪಿಸ್ಟನ್ನನ್ನೇ ಕರಗಿಸಬಲ್ಲುದು.

ಕಿಡಿಯ ಪರೀಕ್ಷೆಗೆ ಪ್ಲಗ್ಗನ್ನು ಅದರ ಟೋಪಿಯಲ್ಲೇ ಸಿಕ್ಕಿಸಿ, ಪ್ಲಗ್ ಇದ್ದ ತೂತಿನಿಂದ ದೂರದಲ್ಲಿ ಅದರ ಲೋಹದ ಮೈಯನ್ನು ಸಿಲಿಂಡರ್ ಹೆಡ್ಡಿಗೆ ಒತ್ತಿ ಹಿಡಿದು ಕಿಕ್ ಹೊಡೆಯಬೇಕು. ಚಟ್ಟೆಂದು ಹಾರುವ ನೀಲಿ ಕಿಡಿ ಆರೋಗ್ಯದ ಗುರುತು. ಹಳದಿಯಾದ ಬಡಕಲು ಕಿಡಿ ತೆರೆದ ಗಾಳಿಯಲ್ಲಿ ಕಂಡರೂ ಸಿಲಿಂಡರಿನ ಒತ್ತಡದಲ್ಲಿ ಆರಿಹೋಗುತ್ತದೆ. ಈ ಕಿಡಿ ಹುಟ್ಟುವ ಬಗೆ ಸ್ವಾರಸ್ಯಕರವಾದುದು. 6 ವೋಲ್ಟಿನ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕಾಯಿಲ್ ಎಂಬ ಸುರುಳಿಯ ಮೂಲಕ ಹರಿದು, ಎಂಜಿನ್ನಿನ ಬಲಬದಿಯ ಮುಚ್ಚಳದ ಒಳಗಿರುವ ಪಾಯಿಂಟನ್ನು ಸೇರುತ್ತದೆ. ಪಾಯಿಂಟ್ ಎಂದರೆ ಪರಸ್ಪರ ತಾಗಿ ಬಿಡುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ತಿರುಗುವ ಕ್ಯಾಮಿನ ಉಬ್ಬು ಅವುಗಳನ್ನು ಬೇರ್ಪಡಿಸಿದೊಡನೆ ಕಾಯಿಲಿನ ಕಾಂತಕ್ಷೇತ್ರ ಕುಸಿದು, ಅದರ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟುತ್ತವೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ ಸುಮಾರು 67 ಸಲ ನಡೆಯಬೇಕು. ಬಿಲ್ಲೆಗಳ ನಡುವಿನ ಅಂತರ ಪೂರ್ತಿ ತೆರೆದಾಗ ಸುಮಾರು 0.4 ಮಿ.ಮೀ. ಇರಬೇಕಾದುದರಿಂದ, ಗೊತ್ತಾದ ದಪ್ಪದ ಉಕ್ಕಿನ ಎಲೆಗಳಿರುವ ಫೀಲರ್ ಗೇಜನ್ನು ಹೊಸಬರು ಮೊದಲು ಕೊಳ್ಳಬೇಕಾದ ಸಲಕರಣೆಗಳ ಸಾಲಿನಲ್ಲಿ ಎಣಿಸಬೇಕು. ವರ್ಷಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಬಿಲ್ಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿ ವಿದ್ಯುತ್ತನ್ನು ತಡೆಯುತ್ತದೆ. ನಯವಾದ ಉಪ್ಪುಕಾಗದದಿಂದ ಎರಡು ಸಲ ಉಜ್ಜಿ, ಪುಡಿಯನ್ನು ಶುಭ್ರವಾದ ಬಟ್ಟೆಯಿಂದ ಒರೆಸಿದರೆ ಸತ್ತಂತಿದ್ದ ಎಂಜಿನ್ ಎದ್ದೇಳುವುದುಂಟು. ಮೊಳೆಯಂತಿರುವ ಜಾವಾದ ಕೀಲಿಯನ್ನು ಒತ್ತಿಟ್ಟೇ ಗಂಟೆಗಟ್ಟಲೆ ಪರೀಕ್ಷೆ ನಡೆಸುವುದು ಮಾತ್ರ ತಪ್ಪು. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಸತತವಾಗಿ ಕಾದು ಸುಟ್ಟುಹೋಗುತ್ತದೆ.

ಪೆಟ್ರೋಲಿನ ಕಡೆಯ ತೊಂದರೆಗಳಿಗೆ ಇಷ್ಟು ವಿವರಣೆ ಬೇಕಾಗದು. ಟ್ಯಾಂಕಿನ ಒಳಗಿನ ತುಕ್ಕು, ಬತ್ತಿದ ಪೆಟ್ರೋಲು ಬಿಟ್ಟುಹೋದ ಅಂಟು, ಕಾರ್ಬೊರೇಟರಿನ ಸೂಜಿಮೊನೆಯಷ್ಟು ಕಿರಿದಾದ ಜೆಟ್ಟಿನಲ್ಲಿ ಸಿಕ್ಕಿಕೊಂಡ ಕಸ, ಇವೇ ಸಾಮಾನ್ಯ ಕಾರಣಗಳು. ಜೆಟ್ಟಿನ ತೂತನ್ನು ಉಕ್ಕಿನ ತಂತಿಯಿಂದ ಚುಚ್ಚದೆ ಗಾಳಿ ಊದಿ ಶುಚಿಗೊಳಿಸಬೇಕು, ಏಕೆಂದರೆ ತೂತು ಒಂದಿಷ್ಟು ಹಿಗ್ಗಿದರೂ ಮಿಶ್ರಣದ ಪ್ರಮಾಣ ಶಾಶ್ವತವಾಗಿ ಕೆಡುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದಲ್ಲದೆ ಆ ಕಾಲದ ರಬ್ಬರ್ ವಾಷರುಗಳನ್ನೂ ಪೈಪುಗಳನ್ನೂ ಮೆದುವಾಗಿಸುವುದರಿಂದ, ತಿಂಗಳುಗಟ್ಟಲೆ ಓಡಿಸದ ಗಾಡಿಯ ಟ್ಯಾಂಕನ್ನು ಬರಿದುಮಾಡಿ ಇಡುವುದು ಲೇಸು.

ಹೊಸಬರನ್ನು ಹೆಚ್ಚು ಕಾಡುವ ದೋಷ ಬೇರೆಯೇ ಇದೆ. ಗಾಡಿ ಮನೆಯ ಮುಂದೆ ಒಂದೇ ಕಿಕ್ಕಿಗೆ ಎದ್ದು, ಹತ್ತು ಕಿಲೋಮೀಟರು ಚೆನ್ನಾಗಿ ಓಡಿ, ಬಳಿಕ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಈ ಒಂದೇ ಲಕ್ಷಣದ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು, ಮತ್ತು ಅವುಗಳನ್ನು ಬೇರ್ಪಡಿಸುವ ಸುಳಿವು ಗಾಡಿ ನಿಂತ ಮೊದಲ ಎರಡು ನಿಮಿಷಗಳಲ್ಲಿ ಮಾತ್ರ ಸಿಗುತ್ತದೆ. ಟ್ಯಾಂಕಿನ ಮುಚ್ಚಳವನ್ನು ತೆರೆದಾಗ ಗಾಳಿ ಸುಯ್ಯೆಂದು ಒಳಗೆ ಹೋಗಿ, ಅನಂತರ ಗಾಡಿ ಎದ್ದರೆ, ಮುಚ್ಚಳದ ಉಸಿರುತೂತು ಕಟ್ಟಿಕೊಂಡು ಪೆಟ್ರೋಲು ಕೆಳಗಿಳಿಯದೆ ನಿಂತಿತ್ತೆಂದು ತಿಳಿಯಬೇಕು. ಮುಚ್ಚಳ ತೆರೆದರೂ ಏಳದೆ, ಬಿಸಿಯಿರುವಾಗ ಕಿಡಿ ಹಳದಿಗಟ್ಟಿದ್ದು ತಣಿದ ಮೇಲೆ ನೀಲಿಯಾಗುವುದಾದರೆ, ಕಾಯಿಲನ್ನು ಅಥವಾ ಕಂಡೆನ್ಸರನ್ನು ಶಂಕಿಸಬೇಕು. ಪಾಯಿಂಟ್ ಬೇರ್ಪಡುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ವಿದ್ಯುತ್ತನ್ನು ಕ್ಷಣಕಾಲ ತನ್ನೊಳಗೆ ತುಂಬಿಕೊಳ್ಳುವ ಪುಟ್ಟ ಡಬ್ಬಿಯೇ ಕಂಡೆನ್ಸರ್. ಅದರ ಒಳಪದರಗಳು ಹಳತಾದಾಗ ಬಿಸಿಯಲ್ಲಿ ಮಾತ್ರ ಸೋರುವುದರಿಂದ, ತಣ್ಣಗಿರುವಾಗ ನಡೆಸಿದ ಪರೀಕ್ಷೆಗಳೆಲ್ಲ ಅದನ್ನು ನಿರ್ದೋಷಿಯೆಂದೇ ತೋರಿಸುತ್ತವೆ. ಪಾಯಿಂಟಿನ ಬಳಿ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ಚಿಕ್ಕ ಕಿಡಿ ಎಂಬುದು ಅದರ ಖಚಿತ ಗುರುತು. ಮೂರನೆಯ ಕಾರಣ ಎಲ್ಲಕ್ಕಿಂತ ಗಂಭೀರವಾದುದು. ಗಾಡಿ ನಿಂತೊಡನೆ ಕಿಕ್ಕನ್ನು ಕೈಯಿಂದ ಒತ್ತಿ ನೋಡಿದಾಗ ಅದು ಬಿಗಿದುಕೊಂಡಿದ್ದರೆ, ಅತಿಯಾಗಿ ಕಾದ ಪಿಸ್ಟನ್ ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಹಿಡಿದುಕೊಂಡಿದೆ. ಮೆಕ್ಯಾನಿಕ್ಕುಗಳು ಸೀಜ್ ಎನ್ನುವ ಈ ಸ್ಥಿತಿ ತಣಿದಾಗ ತಾನಾಗಿ ಬಿಟ್ಟುಕೊಳ್ಳುವುದುಂಟು, ಆದರೆ ಅದನ್ನು ವಾಸಿಯಾಯಿತೆಂದು ತಿಳಿದು ಮತ್ತೆ ಓಡಿಸಿದರೆ ಗೀರುಬಿದ್ದ ಗೋಡೆ ಪಿಸ್ಟನ್ನನ್ನೂ ರಿಂಗುಗಳನ್ನೂ ಹಾಳುಮಾಡುತ್ತದೆ.

ಪಿಸ್ಟನ್ ಅಷ್ಟು ಕಾಯುವುದಕ್ಕೆ ಎಣ್ಣೆ ಕಡಿಮೆ ಬೆರೆಸಿದ್ದೇ ಕಾರಣವೆಂದು ಹೇಳಿಬಿಡುವುದು ರೂಢಿ, ಆದರೆ ಕೆಳಕೋಣೆಯನ್ನು ಪರೀಕ್ಷಿಸದೆ ಈ ತೀರ್ಮಾನಕ್ಕೆ ಬರಬಾರದು. ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕಿನ ಎರಡು ತುದಿಗಳು ಕೇಸಿನಿಂದ ಹೊರಬರುವಲ್ಲಿ ರಬ್ಬರಿನ ಆಯಿಲ್ ಸೀಲುಗಳು ಆ ಕೋಣೆಯನ್ನು ಬಿಗಿಯಾಗಿ ಮುಚ್ಚಿರುತ್ತವೆ; ದಶಕಗಳು ಕಳೆದಂತೆ ಅವು ಗಡುಸಾಗಿ ಸೋರತೊಡಗುತ್ತವೆ. ಬಲಗಡೆಯ, ಅಂದರೆ ಡೈನಮೊ ಬದಿಯ ಸೀಲ್ ಸೋರಿದರೆ ಕಾರ್ಬೊರೇಟರನ್ನು ಹಾಯದ ಗಾಳಿ ಕಳ್ಳದಾರಿಯಿಂದ ಒಳನುಗ್ಗುತ್ತದೆ. ಮಿಶ್ರಣ ತೆಳುವಾಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ರೇಸ್ ಆಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಮತ್ತು ಕಾರ್ಬೊರೇಟರನ್ನು ಎಷ್ಟು ಹೊಂದಿಸಿದರೂ ಹದ ನಿಲ್ಲುವುದಿಲ್ಲ. ಎಡಗಡೆಯ, ಅಂದರೆ ಕ್ಲಚ್ ಬದಿಯ ಸೀಲ್ ಸೋರಿದರೆ ಗೇರ್ ಎಣ್ಣೆ ಕೆಳಕೋಣೆಗೆ ಎಳೆಯಲ್ಪಟ್ಟು ಉರಿಯುವುದರಿಂದ ಸೈಲೆನ್ಸರುಗಳಿಂದ ದಟ್ಟವಾದ ಬಿಳಿ ಹೊಗೆ ಬಿಡದೆ ಬರುತ್ತದೆ, ಪ್ಲಗ್ ಎಣ್ಣೆಯಲ್ಲಿ ಮುಳುಗಿದಂತಾಗುತ್ತದೆ, ಹೊರಗೆಲ್ಲೂ ಸೋರಿಕೆಯ ಕಲೆಯಿಲ್ಲದೆ ಗೇರ್ ಎಣ್ಣೆಯ ಮಟ್ಟ ಇಳಿಯುತ್ತದೆ.

ಬಲಬದಿಯ ಸೀಲನ್ನು ಬದಲಿಸಲು ಮುಚ್ಚಳ ತೆರೆದಾಗಲೇ ಇನ್ನೊಂದು ಪರೀಕ್ಷೆಯನ್ನು ಮಾಡಿಬಿಡುವುದು ಒಳ್ಳೆಯದು. ಜಾವಾದ ಡೈನಮೊದಲ್ಲಿ ತಿರುಗುವ ಭಾಗಕ್ಕೆ ತನ್ನದೇ ಬೇರಿಂಗ್ ಇಲ್ಲ. ಅದು ಕ್ರ್ಯಾಂಕಿನ ತುದಿಗೆ ಜೋಡಿಸಲ್ಪಟ್ಟು ಜೋತುಬಿದ್ದಂತೆ ತಿರುಗುತ್ತದೆ, ಪಾಯಿಂಟನ್ನು ತೆರೆಯುವ ಕ್ಯಾಮ್ ಅದರ ಕೊನೆಯಲ್ಲಿ ಕೂತಿರುತ್ತದೆ. ಕ್ರ್ಯಾಂಕಿನ ಬೇರಿಂಗ್ ಸವೆದರೆ ಕ್ಯಾಮ್ ಕೂಡ ಅಲುಗಾಡುವುದರಿಂದ, ನಿಂತಾಗ ಫೀಲರ್ ಗೇಜಿನಲ್ಲಿ ಸರಿಯಾಗಿ ಕಂಡ 0.4 ಮಿ.ಮೀ. ಅಂತರ ಓಡುವಾಗ ಸುತ್ತಿನಿಂದ ಸುತ್ತಿಗೆ ಬದಲಾಗಿ ಎಂಜಿನ್ ಮಿಸ್ ಹೊಡೆಯುತ್ತದೆ. ಕ್ಯಾಮನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಕೈಗೆ ಆಟ ತಿಳಿದರೆ, ಪಾಯಿಂಟನ್ನು ಹೊಂದಿಸುವ ಕೆಲಸವನ್ನು ಅಲ್ಲಿಗೇ ಬಿಟ್ಟು ಎಂಜಿನ್ನನ್ನು ಕೆಳಗಿಳಿಸಬೇಕಾಗುತ್ತದೆ.