ಮೂಳೆ ಕಟ್ಟುವವರನ್ನು ಕತ್ತಲಲ್ಲಿ ಇಡಬೇಕೆ?

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಈ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ. ಆಂಧ್ರಪ್ರದೇಶದಲ್ಲಿ ತಿರುಪತಿಗೆ ಸಮೀಪವಿರುವ ಪಟ್ಟಣ. ಮುರಿದ ಮೂಳೆ, ಉಳುಕಿದ ಕೀಲು, ಹಿಡಿದುಕೊಂಡ ಸೊಂಟ ಇವುಗಳಿಗಾಗಿ ನಾಟಿ ವೈದ್ಯರನ್ನು ಹುಡುಕಿಕೊಂಡು ಹೋಗುವವರು ಕೇವಲ ಬಡವರು, ಅನಕ್ಷರಸ್ಥರು ಎಂದು ಭಾವಿಸುವುದು ತಪ್ಪು. ಎಕ್ಸ್-ರೇ ಕೈಯಲ್ಲಿ ಹಿಡಿದೇ ಬರುವ ಸುಶಿಕ್ಷಿತರೂ ಅಲ್ಲಿದ್ದಾರೆ.

ಇದಕ್ಕೆ ಕಾರಣಗಳಿಲ್ಲದಿಲ್ಲ. ಖರ್ಚು ಕಡಿಮೆ, ಶಸ್ತ್ರಚಿಕಿತ್ಸೆಯ ಭಯವಿಲ್ಲ, ದಿನಗೂಲಿಯವರಿಗೆ ಕೆಲಸ ತಪ್ಪುವ ದಿನಗಳೂ ಕಡಿಮೆ. ಮೇಲಾಗಿ, ಸ್ಥಾನಪಲ್ಲಟವಾಗದ ಸರಳ ಮುರಿತವನ್ನು ಅಲುಗಾಡದಂತೆ ಹಿಡಿದಿಟ್ಟರೆ ದೇಹವೇ ಅದನ್ನು ಬೆಸೆಯುತ್ತದೆ. ಆ ಕೀರ್ತಿ ಕಟ್ಟಿಗೆ, ಎಣ್ಣೆಗೆ, ಸೊಪ್ಪಿಗೆ ಸಲ್ಲುತ್ತದೆ. ವಾಸಿಯಾದವರು ನಾಟಿ ವೈದ್ಯರನ್ನು ಹೊಗಳುತ್ತಾರೆ. ಆಗದವರು ಆಸ್ಪತ್ರೆಗೆ ಹೋಗುತ್ತಾರೆ. ಹೀಗಾಗಿ ನಾಟಿ ವೈದ್ಯರು ತಮ್ಮ ಯಶಸ್ಸನ್ನಷ್ಟೇ ಕಾಣುತ್ತಾರೆ, ಮೂಳೆ ತಜ್ಞರು ಅವರ ವೈಫಲ್ಯವನ್ನಷ್ಟೇ ಕಾಣುತ್ತಾರೆ. ಇಬ್ಬರ ತೀರ್ಮಾನವೂ ಅರ್ಧ ಲೆಕ್ಕದ ಮೇಲೆ ನಿಂತಿದೆ.

ವೈಫಲ್ಯದ ಬೆಲೆ ಮಾತ್ರ ಅಲ್ಪವಲ್ಲ. ಮುರಿದ ಅಂಗ ಊದಿಕೊಳ್ಳುತ್ತದೆ. ಬಿಗಿದ ಬಿದಿರಿನ ಪಟ್ಟಿಯೊಳಗೆ ಊತ ಹೆಚ್ಚಿದಂತೆ ರಕ್ತಸಂಚಾರ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಮೊಣಕೈ ಮುರಿದ ಮಕ್ಕಳ ಬೆರಳುಗಳು ಕೊಕ್ಕೆಯಂತೆ ಮಡಚಿ ಉಳಿಯುವ ಸ್ಥಿತಿಯನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲೇ ವಿವರಿಸಿದ್ದರು. ಕೊಳೆತ ಕೈಯನ್ನು ಕತ್ತರಿಸಬೇಕಾದ ಪ್ರಸಂಗಗಳೂ ಉಂಟು. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ಅಪಾಯವಿದೆ. ಆದರೆ ಅಲ್ಲಿ ಬೆರಳ ತುದಿಯ ಬಣ್ಣ, ಸ್ಪರ್ಶಜ್ಞಾನಗಳನ್ನು ಪರೀಕ್ಷಿಸಬೇಕೆಂಬ ಶಿಕ್ಷಣ ವೈದ್ಯರಿಗೆ ದೊರೆತಿರುತ್ತದೆ.

ಪರಂಪರೆಗೂ ವಿಜ್ಞಾನಕ್ಕೂ ಹುಟ್ಟುವೈರವಿಲ್ಲ ಎನ್ನಲು ಬ್ರಿಟನ್ನಿನ ಒಂದು ಉದಾಹರಣೆ ಸಾಕು. ಇವಾನ್ ಥಾಮಸ್ ಎಂಬಾತ ಲಿವರ್‌ಪೂಲ್‌ನಲ್ಲಿ ಮೂಳೆ ಕಟ್ಟುತ್ತಿದ್ದ, ವೇಲ್ಸ್ ಮೂಲದ ಪಾರಂಪರಿಕ ಕುಟುಂಬದವನು. ಪದವೀಧರ ವೈದ್ಯರ ವಿರೋಧವನ್ನು ಉಂಡ ಆತ ತನ್ನ ಐವರು ಪುತ್ರರಿಗೂ ವೈದ್ಯಶಿಕ್ಷಣ ಕೊಡಿಸಿದ. ಅವರಲ್ಲೊಬ್ಬನಾದ ಹ್ಯೂ ಓವೆನ್ ಥಾಮಸ್ (1834–1891) ರೂಪಿಸಿದ ‘ಥಾಮಸ್ ಸ್ಪ್ಲಿಂಟ್’ ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಅಸಂಖ್ಯ ಸೈನಿಕರ ಜೀವ ಉಳಿಸಿತು. ಕುಟುಂಬದ ಕೈಚಳಕಕ್ಕೆ ಅಂಗರಚನಾಶಾಸ್ತ್ರದ ಅರಿವು ಸೇರಿದ ಫಲವದು.

ನಮ್ಮಲ್ಲಿ ಕಾನೂನಿನ ನಿಲುವು ಸ್ಪಷ್ಟವಾಗಿದೆ. ಮಾನ್ಯ ವಿದ್ಯಾರ್ಹತೆ, ನೋಂದಣಿ ಇಲ್ಲದವರಿಗೆ ವೈದ್ಯವೃತ್ತಿಯ ಹಕ್ಕಿಲ್ಲ ಎಂಬ ನಿಲುವನ್ನು ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆದರೆ ತೀರ್ಪಿನಿಂದ ರೋಗಿಗಳ ಸಾಲು ಕರಗಲಿಲ್ಲ. ಬೇಡಿಕೆ ಇದ್ದಲ್ಲಿ ನಿಷೇಧವು ಪೂರೈಕೆಯನ್ನು ನಿಲ್ಲಿಸುವುದಿಲ್ಲ, ಮರೆಗೆ ತಳ್ಳುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಭಾರತೀಯ ಗುಣಮಟ್ಟ ಮಂಡಳಿಯು ಪಾರಂಪರಿಕ ವೈದ್ಯರಿಗಾಗಿ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆಯನ್ನು ರೂಪಿಸಿದ್ದು, ಮೂಳೆ ಕಟ್ಟುವಿಕೆಯೂ ಅದರ ಒಂದು ವಿಭಾಗ. ಇಥಿಯೋಪಿಯಾ ಮತ್ತು ನೈಜೀರಿಯಾಗಳಲ್ಲಿ ನಾಟಿ ವೈದ್ಯರಿಗೆ ಅಲ್ಪಾವಧಿ ತರಬೇತಿ ನೀಡಿದಾಗ ಅಂಗ ಕೊಳೆಯುವ ಪ್ರಕರಣಗಳು ತಗ್ಗಿದವೆಂದು 2005 ಮತ್ತು 2006ರಲ್ಲಿ ಪ್ರಕಟವಾದ ಅಧ್ಯಯನಗಳು ತಿಳಿಸಿವೆ.

ರಾಜ್ಯ ಸರ್ಕಾರವು ಈ ದಿಕ್ಕಿನಲ್ಲಿ ಮೂರು ಹೆಜ್ಜೆ ಇಡಬಹುದು. ಗಾಯ ತೆರೆದಿರುವ ಮುರಿತ, ಮಕ್ಕಳ ಮೊಣಕೈ, ಬೆನ್ನುಮೂಳೆ, ತೊಡೆಮೂಳೆ ಇವುಗಳನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸಬೇಕೆಂಬ ನಿಯಮವನ್ನು ನಾಟಿ ವೈದ್ಯರಿಗೆ ಮನವರಿಕೆ ಮಾಡಿಕೊಡುವುದು ಮೊದಲನೆಯದು. ಅವರು ಕಳಿಸಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಗದರಿಕೆಯಿಲ್ಲದೆ ಎಕ್ಸ್-ರೇ ಸೌಲಭ್ಯ ಒದಗಿಸುವುದು ಎರಡನೆಯದು. ಹಾನಿಗೊಂಡು ಬಂದ ಪ್ರತಿಯೊಂದು ಪ್ರಕರಣವನ್ನೂ ದಾಖಲಿಸುವುದು ಮೂರನೆಯದು. ದಾಖಲೆ ಇಲ್ಲದೆ ನೀತಿ ರೂಪುಗೊಳ್ಳದು.

ಇದು ನಾಟಿ ವೈದ್ಯರಿಗೆ ಡಾಕ್ಟರ್ ಪಟ್ಟ ಕಟ್ಟುವ ಸಲಹೆಯಲ್ಲ. ವ್ಯವಸ್ಥೆ ಕಣ್ಣು ಮುಚ್ಚಿಕೊಂಡಿದ್ದರೂ ಕಟ್ಟು ಬೀಳುತ್ತಲೇ ಇರುತ್ತದೆ. ಕಟ್ಟಿದ ಮೇಲೆ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಒಡನೆ ಬಿಚ್ಚಿಸಿ ಆಸ್ಪತ್ರೆಗೆ ಧಾವಿಸಬೇಕು ಎಂಬ ಒಂದು ಅರಿವು ಮನೆಮನೆಗೆ ತಲುಪಿದರೂ ಎಷ್ಟೋ ಮಕ್ಕಳ ಕೈ ಉಳಿದೀತು.