ಡಿಗ್ರಿ ಮುಗಿಸಿ ಡಾಕ್ಟರ್ ಓದು: ಹೊಲ ಮಾರುವ ಮುನ್ನ ತಿಳಿಯಬೇಕಾದದ್ದು

ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ರೈತರೊಬ್ಬರು ಗುಡಿಯ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿಕೊಂಡರು. ಅವರ ಮಗಳು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಸತ್ಯಮಂಗಲದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಳೆ. ಹೋದ ವರ್ಷ ಒಂದು ರಾತ್ರಿ ಅಜ್ಜಿಗೆ ಎದೆನೋವು ಬಂತು. ಗಾಡಿ ಹುಡುಕಿ, ಕಾಡು ದಾಟಿ ಆಸ್ಪತ್ರೆ ಸೇರುವಷ್ಟರಲ್ಲಿ ಹೊತ್ತು ಮೀರಿತ್ತು. ಅಂದಿನಿಂದ ಹುಡುಗಿಯದು ಒಂದೇ ಹಟ.

“ಡಾಕ್ಟರ್ ಓದ್ತೀನಿ ಅಂತಾಳೆ ಮೇಷ್ಟ್ರೇ. ಕೋಚಿಂಗಿಗೆ ದುಡ್ಡು ಬೇಕಂತೆ. ಕೆರೆ ಪಕ್ಕದ ಒಂದೆಕರೆ ಕೊಟ್ಟುಬಿಡ್ಲಾ?” ಎಂದು ಕೇಳಿದರು.

ಆಗಲಿ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ನಮಗೆ ಬಾಯಿ ಬರಲಿಲ್ಲ. ವಿಚಾರಿಸಿ ಹೇಳುತ್ತೇವೆ ಎಂದೆವು. ಹಾಗೆ ತಿಳಿದುಕೊಂಡದ್ದನ್ನು ಎಲ್ಲ ಕುಟುಂಬಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಯಾರು ಬರೆಯಬಹುದು?

ಎಂ.ಬಿ.ಬಿ.ಎಸ್. ಸೇರಲು ‘ನೀಟ್’ ಪರೀಕ್ಷೆ ಬರೆಯಲೇಬೇಕು. ಅಲ್ಲಿ ಬಿ.ಕಾಂ., ಬಿ.ಎ. ಪದವಿಗೆ ಅಂಕವೂ ಇಲ್ಲ, ಅಡ್ಡಿಯೂ ಇಲ್ಲ. ನೋಡುವುದು ಪ್ಲಸ್ ಟೂ ಮಾತ್ರ. ಅದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಈ ಮೂರು ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 50, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ ಶೇಕಡ 40 ಅಂಕ ಬೇಕು. ನಮ್ಮ ಹುಡುಗಿ ಪ್ಲಸ್ ಟೂನಲ್ಲಿ ವಿಜ್ಞಾನವನ್ನೇ ಓದಿ, ಸೀಟು ಸಿಗದೆ ಬಿ.ಕಾಂ. ಸೇರಿದವಳು. ಆದ್ದರಿಂದ ಅವಳಿಗೆ ಬಾಗಿಲು ತೆರೆದೇ ಇದೆ.

ಪ್ಲಸ್ ಟೂನಲ್ಲಿ ಈ ವಿಷಯಗಳನ್ನು ಓದದವರ ಗತಿಯೇನು? ಅಂಥವರು ಮಾನ್ಯತೆ ಪಡೆದ ಮಂಡಳಿಯಿಂದ ಅವುಗಳನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೆ ಅರ್ಹರು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರ್‌ನಲ್ಲಿ ತಿಳಿಸಿತು. ದಾರಿ ಇದೆ, ಆದರೆ ಉದ್ದವಾದ ದಾರಿ.

ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಅದಕ್ಕೂ ಮುಂಚೆಯೇ, 2020ರಲ್ಲಿ, ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ ನೀಟ್ ಪಾಸಾಗಿ ಸರ್ಕಾರಿ ವೈದ್ಯಕೀಯ ಕಾಲೇಜು ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಪರೀಕ್ಷೆ ಹೇಗೆ?

2025ರಲ್ಲಿ ನಡೆದ ಕ್ರಮ ಹೀಗಿತ್ತು: 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ ಬರುತ್ತದೆ, ತಪ್ಪಿಗೆ 1 ಅಂಕ ಹೋಗುತ್ತದೆ. ಅರ್ಧ ಫಸಲು ಜೀವಶಾಸ್ತ್ರದ ಹೊಲದಲ್ಲೇ ಇದೆ ಎಂದಾಯಿತು. ಬಿಟ್ಟು ಹೋದ ಓದನ್ನು ಮತ್ತೆ ಹಿಡಿಯುವವರು ಅಲ್ಲಿಂದಲೇ ಉಳುಮೆ ಶುರುಮಾಡುವುದು ಒಳ್ಳೆಯದು. ಹೆಚ್ಚಿನವರು ಎಡವುವುದು ಭೌತಶಾಸ್ತ್ರದಲ್ಲಿ. ಅದಕ್ಕೆ ದಿನವೂ ಸ್ವಲ್ಪ ಸ್ವಲ್ಪ ಲೆಕ್ಕ ಮಾಡಬೇಕು, ಕೊನೆಯ ತಿಂಗಳಿಗೆ ಬಿಡಬಾರದು.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ತಮಿಳಿನಲ್ಲೂ ಸಿಗುತ್ತದೆ. ಕನ್ನಡ ಪತ್ರಿಕೆ ಬೇಕಾದವರು ಕರ್ನಾಟಕದ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ಇದನ್ನು ಅರ್ಜಿ ತುಂಬುವಾಗಲೇ ನೆನಪಿಡಿ. ಕಾಲೇಜಿನ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಆದ್ದರಿಂದ ಕನ್ನಡದಲ್ಲಿ ಅರ್ಥ ಮಾಡಿಕೊಂಡರೂ ಇಂಗ್ಲಿಷ್ ಹೆಸರುಗಳನ್ನು ಜೊತೆಗೇ ಕಲಿಯಿರಿ.

ಓದುವ ಕ್ರಮ

ಮೊದಲು ಹನ್ನೊಂದು, ಹನ್ನೆರಡನೇ ತರಗತಿಯ ಪಠ್ಯಪುಸ್ತಕಗಳನ್ನು ಎರಡು ಸಲ ಪೂರ್ತಿ ಓದಿ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬರೆಯಿರಿ. ತಪ್ಪಾದ ಉತ್ತರಗಳಿಗೇ ಒಂದು ನೋಟ್‌ಬುಕ್ ಇಡಿ. ಕೋಚಿಂಗ್ ಬೇಕೋ ಬೇಡವೋ ಎಂಬುದನ್ನು ಮೂರು ತಿಂಗಳು ಹೀಗೆ ಓದಿ ನೋಡಿದ ಮೇಲೆ ತೀರ್ಮಾನಿಸಬಹುದು. ಮಣ್ಣು ನೋಡದೆ ಗೊಬ್ಬರ ತರುವವರುಂಟೇ?

ನಿದ್ದೆ ಕೆಟ್ಟು ಓದುವುದು ಸಾಹಸವಲ್ಲ. ಆರೇಳು ಗಂಟೆ ನಿದ್ದೆಯಿಲ್ಲದಿದ್ದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಕೆಲಸ ಬಿಡದೆ ಓದುವವರಿಗೆ ಬೆಳಗಿನ ಜಾವದ ಎರಡು ಗಂಟೆ ಒಳ್ಳೆಯದು. ಮನೆಯವರೂ ಒಂದು ಉಪಕಾರ ಮಾಡಬೇಕು. ಟೊಮೆಟೊ ಕೀಳುವ ದಿನ, ಕೋಸು ಲೋಡು ಮಾಡುವ ದಿನ ಅವಳನ್ನೇ ಕರೆಯಬೇಡಿ.

ಹಣದ ಮಾತು

ಸರ್ಕಾರಿ ಕಾಲೇಜಿನ ಶುಲ್ಕ ಖಾಸಗಿ ಕಾಲೇಜಿನದಕ್ಕೆ ಹೋಲಿಸಿದರೆ ಬಹಳ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಪೆರುಂದುರೈಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆರರಿಂದ ಹನ್ನೆರಡನೇ ತರಗತಿವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2020ರಿಂದ ಶೇಕಡ 7.5 ಸೀಟುಗಳ ಮೀಸಲಿದೆ. ಅವರ ಶುಲ್ಕವನ್ನು ಸರ್ಕಾರವೇ ಭರಿಸುವುದಾಗಿ ಪ್ರಕಟಿಸಿದೆ. ಆದ್ದರಿಂದ ಶಾಲೆಯ ದಾಖಲೆಗಳನ್ನು ಕಾಪಾಡಿಕೊಳ್ಳಿ.

ಗಡಿಯಾಚೆ ಚಾಮರಾಜನಗರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ವಿಭಾಗವಿದ್ದು, ತಾಳವಾಡಿ ಫಿರ್ಕಾದ ಹೆಸರೂ ಅದರಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಆ ವರ್ಷದ ನಿಯಮವನ್ನು ತಪ್ಪದೆ ಓದಬೇಕು. ಬೆಂಗಳೂರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿದೆ. ಅಲ್ಲಿಗೂ ನೀಟ್ ಬೇಕು.

ಹಣ ಕೊಟ್ಟರೆ ಸೀಟು ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ಹಟ್ಟಿಯ ಹತ್ತಿರಕ್ಕೂ ಬಿಡಬೇಡಿ. ಹೊರದೇಶದಲ್ಲಿ ಓದುವವರಿಗೂ ನೀಟ್ ಬೇಕು. ಹಿಂತಿರುಗಿದ ಮೇಲೆ ಇಲ್ಲಿ ಮತ್ತೊಂದು ಪರೀಕ್ಷೆ ಪಾಸಾಗದೆ ವೈದ್ಯವೃತ್ತಿ ಮಾಡುವಂತಿಲ್ಲ.

ತಡವಾಯಿತೇ?

ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಆಸ್ಪತ್ರೆ ತರಬೇತಿ. ತಯಾರಿಗೆ ಎರಡು ವರ್ಷ ಹಿಡಿದರೆ ಈ ಹುಡುಗಿ ಡಾಕ್ಟರಾಗುವಾಗ ಮೂವತ್ತು ದಾಟಿರುತ್ತದೆ. ಮದುವೆಯ ಮಾತು ಮುಂದಕ್ಕೆ ಹೋಗುತ್ತದೆಂದು ತಾಯಿಗೆ ಚಿಂತೆ. ಆ ಚಿಂತೆ ಸುಳ್ಳೇನಲ್ಲ.

ಆಲ್ಬರ್ಟ್ ಶ್ವೈಟ್ಜರ್ ಅವರ ಕಥೆಯನ್ನು ಇಲ್ಲಿ ನೆನೆಯಬಹುದು. 1875ರಲ್ಲಿ ಹುಟ್ಟಿದ ಅವರು ಪ್ರಾಟೆಸ್ಟೆಂಟ್ ಪಾದ್ರಿ, ದೇವಶಾಸ್ತ್ರದ ಪಂಡಿತ, ಹೆಸರಾಂತ ಆರ್ಗನ್ ವಾದಕ. 1905ರಲ್ಲಿ, ತಮ್ಮ ಮೂವತ್ತನೇ ವಯಸ್ಸಿನಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ ವೈದ್ಯಕೀಯದ ಮೊದಲ ಪಾಠಕ್ಕೆ ಕುಳಿತರು. 1913ರಲ್ಲಿ ಆಫ್ರಿಕದ ಲಾಂಬರೆನೆಗೆ ಹೋಗಿ ಆಸ್ಪತ್ರೆ ತೆರೆದರು. 1952ನೇ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಅವರದಾಯಿತು. ಓದುವಾಗಲೂ ಅವರು ದುಡಿಯುವುದನ್ನು ಬಿಡಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ನಾವು ಕೊಟ್ಟ ಉತ್ತರ

ಆ ರೈತರ ಮನೆಗೆ ಹೋಗಿ ಹೇಳಿದೆವು: ಹೊಲ ಮಾರಬೇಡಿ. ಅದು ಒಮ್ಮೆ ಹೋದರೆ ಬರುವುದಿಲ್ಲ. ಪರೀಕ್ಷೆ ಮರುವರ್ಷವೂ ಬರುತ್ತದೆ. ಎರಡು ಸಲ ಬರೆಯಲಿ. ಆಗದಿದ್ದರೆ ಬಿ.ಕಾಂ. ಕೈಯಲ್ಲಿದೆ, ಆಸ್ಪತ್ರೆಗಳಲ್ಲಿ ಲೆಕ್ಕ, ಆಡಳಿತದ ಕೆಲಸವೂ ರೋಗಿಗಳ ಸೇವೆಯೇ. ಈ ಗಡುವನ್ನು ಮಗಳೇ ತನ್ನ ಬಾಯಿಂದ ಒಪ್ಪಿಕೊಳ್ಳಬೇಕು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಎರಡು ಸಲ ಸಾಕಪ್ಪ. ಹೊಲ ಇರಲಿ” ಅಂದಳು. ತಂದೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಮನೆಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ವಿಜ್ಞಾನದ ಹಳೆಯ ಪುಸ್ತಕಗಳು ಇರುವವರು ದಯವಿಟ್ಟು ಗುರುಮನೆಗೆ ತಂದುಕೊಡಿ. ಅವುಗಳನ್ನು ಕಾಯುತ್ತಿರುವ ಮಕ್ಕಳು ಇನ್ನೂ ಇದ್ದಾರೆ.