ಗುಮಾನಿ ಡಿಸ್ಕ್ ಮೇಲೆ, ತಪ್ಪು ರ‍್ಯಾಮ್‌ದು: ಮನೆಯಲ್ಲೇ ಜೋಡಿಸಿದ ಪಿಸಿ ಕೈಕೊಟ್ಟಾಗ ಏನು ಮಾಡಬೇಕು?

ಇವತ್ತಿನ ಸಂಚಿಕೆ ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡವರಿಗೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಂಗಡಿ ಅಂಗಡಿ ಸುತ್ತಿ ಕೊಂಡಿರಬಹುದು, ಆನ್‌ಲೈನ್‌ನಲ್ಲಿ ತರಿಸಿರಬಹುದು. ಆರು ತಿಂಗಳು ಚೆನ್ನಾಗೇ ಓಡ್ತು. ಆಮೇಲೆ ಒಂದು ದಿನ ಗೇಮ್ ಮಧ್ಯೆ ನೀಲಿ ಪರದೆ. ಇನ್ನೊಂದು ದಿನ ಜಿಪ್ ಫೈಲ್ ತೆರೆದ್ರೆ 'ಕರಪ್ಟ್' ಅನ್ನುತ್ತೆ. ಮತ್ತೊಂದು ದಿನ ವಿಂಡೋಸೇ ಶುರುವಾಗಲ್ಲ. ಕೇಳಿದವರೆಲ್ಲ ಹೇಳೋದು ಒಂದೇ: 'ಡಿಸ್ಕ್ ಹೋಗಿದೆ. ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕು.'

ಸ್ವಲ್ಪ ತಡೀರಿ. ಫಾರ್ಮ್ಯಾಟ್ ಮಾಡೋದು ಇಲ್ಲಿ ಮೊದಲ ಹೆಜ್ಜೆ ಅಲ್ಲ, ಕೊನೇ ಹೆಜ್ಜೆ.

ಫೋನ್ ಕೊಳ್ಳುವಾಗ '8 ಜಿಬಿ, 128 ಜಿಬಿ' ಅಂತ ಎರಡು ಸಂಖ್ಯೆ ನೋಡಿರ್ತೀರಿ. ಮೊದಲನೆಯದು ಮೆಮೊರಿ, ಅಂದ್ರೆ ರ‍್ಯಾಮ್. ಎರಡನೆಯದು ಸ್ಟೋರೇಜ್. ರ‍್ಯಾಮ್ ಅನ್ನೋದು ಅಡುಗೆ ಕಟ್ಟೆ, ಸ್ಟೋರೇಜ್ ಅನ್ನೋದು ಉಗ್ರಾಣ. ಉಗ್ರಾಣಕ್ಕೆ ಹೋಗುವ ಸಾಮಾನೆಲ್ಲ ಕಟ್ಟೆ ಮೇಲಿಂದಲೇ ಹೋಗಬೇಕು. ಕಟ್ಟೆ ಮೇಲೆ ಅಕ್ಕಿಗೆ ಕಲ್ಲು ಬೆರೆತರೆ ಉಗ್ರಾಣದ ಡಬ್ಬಿಯಲ್ಲೂ ಕಲ್ಲೇ ಇರುತ್ತೆ. ಡಬ್ಬಿ ಬದಲಾಯಿಸಿದ್ರೆ ಏನು ಬಂತು?

ಕಂಪ್ಯೂಟರ್‌ನಲ್ಲೂ ಹೀಗೇ. ನೀವು ಫೋಟೊ ಕಾಪಿ ಮಾಡಿದಾಗ ಅದು ರ‍್ಯಾಮ್ ಮೂಲಕ ಹಾದು ಡಿಸ್ಕ್‌ಗೆ ಹೋಗುತ್ತೆ. ರ‍್ಯಾಮ್‌ನಲ್ಲಿ ಒಂದೇ ಒಂದು ಬಿಟ್ ತಿರುಗಿ, 0 ಇದ್ದಿದ್ದು 1 ಆದ್ರೆ, ಡಿಸ್ಕ್ ಆ ತಪ್ಪನ್ನೇ ನಿಯತ್ತಾಗಿ ಬರೆದಿಡುತ್ತೆ. ಸರ್ವರ್‌ಗಳಲ್ಲಿ ಇಂಥ ತಪ್ಪು ಹಿಡಿಯೋಕೆ ಇಸಿಸಿ ಅನ್ನುವ ವ್ಯವಸ್ಥೆ ಇರುತ್ತೆ. ಮನೆ ಪಿಸಿಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಡಿಡಿಆರ್5 ರ‍್ಯಾಮ್‌ನ ಚಿಪ್ ಒಳಗೆ ಅಂಥದ್ದೊಂದು ಇದೆ, ನಿಜ. ಆದ್ರೆ ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯಲ್ಲ. ಹಾಗಾಗಿ ಕೆಟ್ಟ ರ‍್ಯಾಮ್ ಇಟ್ಟುಕೊಂಡು ಫಾರ್ಮ್ಯಾಟ್ ಮಾಡಿದ್ರೆ ಹಳೇ ಫೈಲ್‌ಗಳೂ ಹೋದವು, ಹೊಸ ವಿಂಡೋಸೂ ಹಾಳಾಗೇ ಇನ್‌ಸ್ಟಾಲ್ ಆಯ್ತು.

ಹಾಗಾದ್ರೆ ಮೊದಲು ಏನು? ಆ ಮಷಿನ್‌ನಲ್ಲಿ ಕೆಲಸ ನಿಲ್ಲಿಸಿ. ಕಾಲೇಜ್ ಪ್ರಾಜೆಕ್ಟ್, ಮನೆಯವರ ಫೋಟೊ ಇವೆಲ್ಲ ಇದ್ದರೆ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸ್‌ಗೆ ಹಾಕಿ, ಸರಿಯಾಗಿರೋ ಇನ್ನೊಂದು ಕಂಪ್ಯೂಟರ್‌ನಲ್ಲಿ ಕಾಪಿ ಮಾಡ್ಕೊಳ್ಳಿ. ಗುಮಾನಿ ಇರೋ ಮಷಿನ್‌ನಲ್ಲೇ ಕಾಪಿ ಮಾಡಿದ್ರೆ ಕಾಪಿಯೂ ಕೆಡಬಹುದು. 'ಚೆಕ್‌ಡಿಸ್ಕ್' ಓಡಿಸಿ ರಿಪೇರಿ ಮಾಡೋ ಆಸೆ ಬರುತ್ತೆ, ಈಗಲೇ ಬೇಡ. ಅದು ಡಿಸ್ಕ್ ಮೇಲೆ ಬರೆಯುತ್ತೆ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದ್ರೆ ಮತ್ತೆ ಮತ್ತೆ ಆನ್ ಮಾಡಿ ನೋಡಲೇಬೇಡಿ. ಡೇಟಾ ಬೇಕೇ ಬೇಕು ಅಂದ್ರೆ ರಿಕವರಿ ಮಾಡುವವರ ಹತ್ತಿರ ಹೋಗೋದೇ ವಾಸಿ.

ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದೆಯಾ ಅಂತಲೂ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಡಿಸ್ಕ್ ಬೇರೆ ಕಂಪ್ಯೂಟರ್‌ಗೆ ಹಾಕಿದ್ರೆ ಅದನ್ನು ಕೇಳುತ್ತೆ, ಬಯೋಸ್ ಸೆಟ್ಟಿಂಗ್ ಬದಲಾಯಿಸಿದಾಗಲೂ ಕೇಳಬಹುದು.

ಈಗ ರ‍್ಯಾಮ್ ವಿಚಾರಣೆ. ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡೀರಿ, ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಎಲ್ಲ ಸ್ಟಿಕ್ ತೆಗೆದು ಒಂದನ್ನು ಮಾತ್ರ ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಪ್ರೊಸೆಸರ್‌ನಿಂದ ಎರಡನೇ ಸ್ಲಾಟ್ ಇದಕ್ಕೆ ಸರಿ. ಎರಡು ಸ್ಟಿಕ್ ಆದ್ರೆ ಎರಡನೆಯದು ಮತ್ತು ನಾಲ್ಕನೆಯದು. 16 ಜಿಬಿ ಹಾಕಿದ್ರೂ 8 ಮಾತ್ರ ತೋರಿಸ್ತಿದೆ ಅನ್ನುವವರ ಕಥೆ ಬಹಳಷ್ಟು ಸಲ ಇಲ್ಲೇ ಮುಗಿಯುತ್ತೆ: ಸ್ಟಿಕ್ ಪೂರ್ತಿ ಕೂತಿರಲ್ಲ. ಕ್ಲಿಪ್ 'ಟಕ್' ಅನ್ನೋವರೆಗೂ ಒತ್ತಬೇಕು. 16ಕ್ಕೆ 15 ಚಿಲ್ಲರೆ ತೋರಿಸಿದ್ರೆ ಅದು ದೋಷ ಅಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ತನ್ನ ಪಾಲು ತಗೊಂಡಿರುತ್ತೆ.

ಡಿಡಿಆರ್5 ಬೋರ್ಡ್ ಆದ್ರೆ ಸ್ಟಿಕ್ ಬದಲಾಯಿಸಿದ ಮೇಲೆ ಮೊದಲ ಸಲ ಪರದೆ ಕಪ್ಪಾಗಿಯೇ ಕೆಲವು ನಿಮಿಷ ಇರಬಹುದು. ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ತಾ ಇರುತ್ತೆ. ಕೆಟ್ಟೋಯ್ತು ಅಂತ ಗಾಬರಿಯಾಗಿ ಆಫ್ ಮಾಡ್ಬೇಡಿ.

ಆನ್ ಆದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನೋದನ್ನು ಆಫ್ ಮಾಡಿ. ಡಬ್ಬದ ಮೇಲೆ 6000 ಅಂತ ಬರೆದಿರೋ ಡಿಡಿಆರ್5 ಕಿಟ್ ಸಹಜವಾಗಿ ಓಡೋದು ಸಾಮಾನ್ಯವಾಗಿ 4800ರಲ್ಲಿ. ಉಳಿದ ವೇಗ ಬರೋದು ಓವರ್‌ಕ್ಲಾಕಿಂಗ್‌ನಿಂದ. ನಿಮ್ಮ ಬೋರ್ಡ್, ನಿಮ್ಮ ಪ್ರೊಸೆಸರ್ ಜೊತೆ ಅದು ಓಡೇ ಓಡುತ್ತೆ ಅನ್ನೋ ಖಾತರಿ ಇಲ್ಲ. ನನ್ನ ಪ್ರಕಾರ ಜಾಹೀರಾತಿನವರು ಇದನ್ನು ಬೇಕಂತಲೇ ಸಣ್ಣ ಅಕ್ಷರದಲ್ಲಿ ಹಾಕ್ತಾರೆ.

ಆಮೇಲೆ ಮೆಮ್‌ಟೆಸ್ಟ್86 ಪ್ಲಸ್. ಉಚಿತ ತಂತ್ರಾಂಶ. ಬೇರೆ ಕಂಪ್ಯೂಟರ್‌ನಲ್ಲಿ ಖಾಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಬಂದ್ರೂ ಫೇಲ್. ಇಲ್ಲಿ 35ಕ್ಕೆ ಪಾಸ್ ಮಾಡೋ ಪದ್ಧತಿ ಇಲ್ಲ. ದೋಷ ಬಂದ್ರೆ ಅದೇ ಸ್ಟಿಕ್ ಬೇರೆ ಸ್ಲಾಟ್‌ಗೆ ಹಾಕಿ ನೋಡಿ. ದೋಷ ಸ್ಟಿಕ್ ಜೊತೆಗೇ ಹೋದ್ರೆ ಕೆಟ್ಟಿರೋದು ಸ್ಟಿಕ್. ಸ್ಲಾಟ್‌ನಲ್ಲೇ ಉಳಿದ್ರೆ ಬೋರ್ಡ್ ಅಥವಾ ಪ್ರೊಸೆಸರ್ ಸಾಕೆಟ್ ನೋಡಬೇಕು. ಎಲ್ಲವೂ ಪಾಸ್ ಆಗಿ, ಎಕ್ಸ್‌ಎಂಪಿ ಆನ್ ಮಾಡಿದಾಗ ಮಾತ್ರ ಫೇಲ್ ಆದ್ರೆ ವೇಗ ಒಂದು ಮೆಟ್ಟಿಲು ಇಳಿಸಿ ಓಡಿಸಿ. ಗೇಮ್‌ನಲ್ಲಿ ನಾಲ್ಕೈದು ಫ್ರೇಮ್ ಕಡಿಮೆಯಾದ್ರೆ ಆಗಲಿ.

ರ‍್ಯಾಮ್ ನಿರಪರಾಧಿ ಅಂತ ಗೊತ್ತಾದ್ರೆ ಮಾತ್ರ ಡಿಸ್ಕ್ ಕಡೆ ಬನ್ನಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಉಚಿತ ತಂತ್ರಾಂಶ ಡಿಸ್ಕ್‌ನ 'ಸ್ಮಾರ್ಟ್' ವರದಿ ತೋರಿಸುತ್ತೆ. ಸಾಟಾ ಹಾರ್ಡ್ ಡಿಸ್ಕ್‌ನಲ್ಲಿ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್ ಸಂಖ್ಯೆ ಏರ್ತಾ ಹೋದ್ರೆ ಅದರ ಆಯಸ್ಸು ಮುಗೀತಾ ಬಂತು. ಸಿಆರ್‌ಸಿ ದೋಷದ ಸಂಖ್ಯೆ ಮಾತ್ರ ಏರ್ತಿದ್ರೆ ಮೊದಲು ಕೇಬಲ್ ಬದಲಾಯಿಸಿ, ಡಿಸ್ಕ್ ಹೆಚ್ಚಾಗಿ ಚೆನ್ನಾಗೇ ಇರುತ್ತೆ. ಸಾವಿರಾರು ರೂಪಾಯಿ ಉಳಿಯುತ್ತೆ.

ಹೊಸ ಡಿಸ್ಕ್ ಕಾಣಿಸ್ತಾನೇ ಇಲ್ವಾ? ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಡೇಟಾ ಇಲ್ಲದ ಹೊಸ ಡಿಸ್ಕ್‌ಗೆ ಅಲ್ಲಿ 'ಇನಿಶಿಯಲೈಸ್' ಮಾಡಬೇಕಾಗುತ್ತೆ. ಎಂ.2 ಎಸ್‌ಎಸ್‌ಡಿ ಹಾಕಿದ ಕೂಡಲೇ ಹಳೇ ಸಾಟಾ ಡಿಸ್ಕ್ ಮಾಯವಾದ್ರೆ ಬೋರ್ಡ್‌ನ ಮ್ಯಾನುಯಲ್ ಓದಿ. ಕೆಲವು ಬೋರ್ಡ್‌ಗಳಲ್ಲಿ ಆ ಸ್ಲಾಟ್ ಬಳಸಿದ್ರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತೆ. ಡಿಸ್ಕ್ ಕೆಟ್ಟಿಲ್ಲ, ವೈರ್ ಬೇರೆ ಪೋರ್ಟ್‌ಗೆ ಹಾಕಿದ್ರೆ ಸಾಕು. 1 ಟಿಬಿ ಡಿಸ್ಕ್ 931 ಜಿಬಿ ತೋರಿಸೋದು ಕೂಡ ಮೋಸ ಅಲ್ಲ. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಇನ್ನು ವಾರಂಟಿ. ಮೆಮ್‌ಟೆಸ್ಟ್‌ನಲ್ಲಿ ದೋಷ ತೋರಿಸುವ ಪರದೆಯನ್ನು ಫೋನ್‌ನಲ್ಲಿ ಫೋಟೊ ತೆಗೆದು ಬಿಲ್ ಜೊತೆ ಇಡಿ. ಕಿಟ್ ಆಗಿ ಕೊಂಡಿದ್ರೆ ಒಂದೇ ಸ್ಟಿಕ್ ಕೆಟ್ಟಿದ್ರೂ ಎರಡನ್ನೂ ವಾಪಸ್ ಕೇಳೋದುಂಟು, ಅಷ್ಟು ದಿನ ಪಿಸಿ ನಿಲ್ಲಬಹುದು ಅಂತ ಲೆಕ್ಕ ಹಾಕ್ಕೊಳ್ಳಿ. ಡಿಸ್ಕ್ ವಾರಂಟಿಯಲ್ಲಿ ಸಿಗೋದು ಬೇರೆ ಡಿಸ್ಕ್, ನಿಮ್ಮ ಫೈಲ್‌ಗಳಲ್ಲ. ಕೊಡೋ ಮುಂಚೆ ಡಿಸ್ಕ್ ಇನ್ನೂ ಕೆಲಸ ಮಾಡ್ತಿದ್ರೆ, ಕಾಪಿ ಮಾಡಿಕೊಂಡ ಫೈಲ್‌ಗಳು ತೆರೆಯುತ್ತವಾ ಅಂತ ನೋಡಿ, ಆಮೇಲೆ ಅದರಲ್ಲಿರೋದನ್ನು ಪೂರ್ತಿ ಅಳಿಸಿ ಕೊಡಿ.